ಇಲ್ಲದ ಕಾಳು

ನಮ್ಮ ಕೃಷಿ ಸಂಶೋಧನಾ ಕೇಂದ್ರದಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ನೋಡ್ತಿದೀನಿ’ ಎಂದೇ ಕರೆಯುವುದು. “ಲೇ ನೋಡ್ತಿದೀನಿ, ಸುತಲಿ ದಾರ ಎಲ್ಲಿಟ್ಟೆ?” ಎಂದರೆ ಓಗೊಡಬೇಕಾದವನು ನಾನು. ವಾಣಿಜ್ಯ ಪದವಿ ಪಡೆದು, ಜೋಳದ ಚೀಲಕ್ಕೆ ಚೀಟಿ ಕಟ್ಟುವ ದಿನಗೂಲಿಗೆ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಬಂದ ಮನುಷ್ಯ ಇದಕ್ಕಿಂತ ಮರ್ಯಾದೆಯ ಹೆಸರಿಗೆ ಆಸೆಪಡುವುದೂ ತಪ್ಪೇ.

ಹೆಸರಿಟ್ಟವರು ತಕ್ಕಡಿಯಕ್ಕ. ಕಣದಲ್ಲಿ ತೂಕದ ಯಂತ್ರದ ಮುಂದೆ ಕೂತು, ಬಂದ ಚೀಲವನ್ನೆಲ್ಲ ತೂಗಿ, ತೂಕವನ್ನು ಕೂಗಿ ಹೇಳುವುದು ಅವರ ಕೆಲಸ. ಈಗಿನ ತೂಕದ ಯಂತ್ರ ಬ್ಯಾಟರಿಯದು, ಅದಕ್ಕೆ ತಟ್ಟೆಯೂ ಇಲ್ಲ ಸರಪಳಿಯೂ ಇಲ್ಲ. ಆದರೂ ಅವರು ತಕ್ಕಡಿಯಕ್ಕನೇ. ಅವರು ಒಮ್ಮೆ ಕೂಗಿದ ತೂಕವನ್ನು ಕೇಂದ್ರದ ಸಾಹೇಬರು ಕೂಡ ಎರಡನೇ ಸಲ ಕೇಳುವುದಿಲ್ಲ. ಸಾಹೇಬರು ತಮ್ಮ ಹೆಂಡತಿ ಹೇಳಿದ ಮಾತನ್ನಾದರೂ ಎರಡು ಸಲ ಕೇಳುತ್ತಾರೆ ಎಂದು ನಮ್ಮ ಟ್ರ್ಯಾಕ್ಟರ್ ಮಾವ ಹೇಳುವುದುಂಟು. ಮಾವ ಎಂದರೆ ಯಾರ ಮಾವನೂ ಅಲ್ಲ, ಟ್ರ್ಯಾಕ್ಟರ್ ಓಡಿಸುವವನು. ಬಾಯಿ ಮಾತ್ರ ಇಂಜಿನ್ ನಿಲ್ಲಿಸಿದ ಮೇಲೂ ಓಡುತ್ತಿರುತ್ತದೆ.

ನಮ್ಮಲ್ಲಿ ಹೊಸಬರು ಸೇರುವುದು ಕೊಯ್ಲಿನ ಕಾಲಕ್ಕೆ. ಸೇರಿದ ದಿನ ಸಂಜೆ ಮರದ ಕೆಳಗೆ ಕುರ್ಚಿ ಹಾಕಿ, ಸಾಹೇಬರು ನಾಲ್ಕು ಮಾತಾಡಿ, ಚಹಾ ಬಿಸ್ಕತ್ತು ಕೊಟ್ಟು, ಮನೆ ಸಿಕ್ಕವರಿಗೆ ಮನೆಯ ಬೀಗದ ಕೈ ಕೊಟ್ಟು ಸ್ವಾಗತಿಸುತ್ತಾರೆ. ಅದು ಕಚೇರಿಯ ಸ್ವಾಗತ. ನಿಜವಾದ ಸ್ವಾಗತ ಅಷ್ಟು ಹೊತ್ತಿಗೆ ಕಣದಲ್ಲಿ ಮುಗಿದಿರುತ್ತದೆ.

ಅದು ಅರ್ಥವಾಗಬೇಕಾದರೆ ನಮ್ಮ ಕೆಲಸ ಸ್ವಲ್ಪ ಗೊತ್ತಿರಬೇಕು. ನಮ್ಮ ಹೊಲವೆಂದರೆ ಚಿಕ್ಕ ಚಿಕ್ಕ ತಾಕುಗಳು, ಒಂದೊಂದರಲ್ಲಿ ಒಂದೊಂದು ತಳಿಯ ಜೋಳ. ಒಂದು ತಾಕಿನ ತೆನೆ ಬಡಿದಾದ ಮೇಲೆ ಒಕ್ಕಣೆ ಯಂತ್ರದ ಹೊಟ್ಟೆಯನ್ನು ಪೂರ್ತಿ ಗುಡಿಸಿ, ಊದಿ, ತಟ್ಟಿ ಶುಚಿ ಮಾಡದೆ ಇನ್ನೊಂದು ತಾಕಿನ ತೆನೆಯನ್ನು ಬಾಯಿಗೆ ಕೊಡುವಂತಿಲ್ಲ. ಒಂದರ ಕಾಳು ಇನ್ನೊಂದರಲ್ಲಿ ಬೆರೆತರೆ ಆ ಚೀಲ ಬಿತ್ತನೆಗೂ ಬಾರದು, ಲೆಕ್ಕಕ್ಕೂ ಬಾರದು. ಸಾಹೇಬರ ವರ್ಷಗಟ್ಟಲೆಯ ಪ್ರಯೋಗ ಕೋಳಿಯ ಪಾಲು.

ಅದಕ್ಕೇ ಹೊಸಬರಿಗೆ ಮೊದಲ ದಿನ ಯಂತ್ರದ ಹೊಟ್ಟೆ. ಅಕ್ಕ ಅಂಗೈಯಲ್ಲಿ ಕೆಂಪು ಜೋಳದ ಒಂದು ಕಾಳು ಹಿಡಿದು ತೋರಿಸುತ್ತಾರೆ. “ನೋಡ್ಕೋ. ಇದನ್ನ ಮೆಷಿನ್ ಒಳಗೆ ಹಾಕ್ತೀನಿ. ಹುಡುಕಿ ತಂದ್ಕೊಡು. ಅಲ್ಲೀತನಕ ನೀರೂ ಇಲ್ಲ, ಚಹಾನೂ ಇಲ್ಲ.” ಕೈಯನ್ನು ಯಂತ್ರದೊಳಗೆ ತೂರಿಸಿ, ಹೊರಗೆ ತೆಗೆದು, ಸುಮ್ಮನೆ ತಮ್ಮ ಜಾಗಕ್ಕೆ ಹೋಗಿ ಕೂರುತ್ತಾರೆ. ಹೊಸಬ ತಲೆಯನ್ನೂ ಕೈಯನ್ನೂ ಒಳಗೆ ಹಾಕಿ ಹುಡುಕುತ್ತಾನೆ. ಜೋಳದ ಸುಂಕು, ಕಣ್ಣಿಗೆ ಕಾಣದ ಆ ರೋಮ, ಕತ್ತು ಕಂಕುಳು ಎನ್ನದೆ ಹೊಕ್ಕು ಚರ್ಮವನ್ನು ಉರಿಸಿಬಿಡುತ್ತದೆ. ಸುತ್ತ ನಿಂತವರು ತುರಿಸಿಕೊಳ್ಳುವವನನ್ನು ನೋಡಿ ನಗುತ್ತಾರೆ.

ಒಳಗೆ ಕಾಳು ಇರುವುದಿಲ್ಲ. ಅಕ್ಕ ಹಾಕಿರುವುದೇ ಇಲ್ಲ. ಅದು ಅವರ ಬೆರಳ ಸಂದಿಯಲ್ಲೇ ಇರುತ್ತದೆ.

ಬೇಸತ್ತು “ಇಲ್ಲ ಅಕ್ಕ, ಒಳಗೆ ಏನೂ ಇಲ್ಲ” ಅಂದವನ ಬೆನ್ನು ತಟ್ಟಿ ಚಹಾ ಕೊಡಿಸುತ್ತಾರೆ. ಕಣದ ನೆಲದಿಂದಲೋ ಉಗ್ರಾಣದ ಮೂಲೆಯಿಂದಲೋ ಒಂದು ಕೆಂಪು ಕಾಳು ಆರಿಸಿ ತಂದು “ಸಿಕ್ತು” ಅಂದವನ ಮುಂದೆ ಮುಷ್ಟಿ ಬಿಚ್ಚಿ, “ಹಾಗಾದ್ರೆ ಇದೇನು?” ಎಂದು ಕೇಳುತ್ತಾರೆ. ಅವನು ನಿವೃತ್ತಿಯವರೆಗೂ ಕಳ್ಳ. ಅಂಥ ಒಬ್ಬರು ಈಗ ನಮ್ಮ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ನಾನಂತೂ ಇಲ್ಲವೆಂದೂ ಹೇಳಲಿಲ್ಲ, ಕಾಳನ್ನೂ ತರಲಿಲ್ಲ. ಯಾರು ಕೇಳಿದರೂ “ನೋಡ್ತಿದೀನಿ” ಎಂದೆ. ಊಟಕ್ಕೆ ಕರೆದರೆ “ನೋಡ್ತಿದೀನಿ”, ಸಂಜೆ ಮನೆಗೆ ಹೊರಟವರು ಕರೆದರೂ “ನೋಡ್ತಿದೀನಿ”. ಕೊನೆಗೆ ಕಾವಲುಗಾರ ಕಣಕ್ಕೆ ಬೀಗ ಹಾಕಿಕೊಂಡು ಹೋದ. ನಾನು ಒಳಗೇ ಇದ್ದೆ.

ಈ ಆಟವನ್ನು ಅಕ್ಕ ಸುಮ್ಮನೆ ಕಟ್ಟಿದ್ದಲ್ಲ. ಅವರು ಇಲ್ಲಿಗೆ ಬಂದದ್ದು ಹಕ್ಕಿ ಓಡಿಸುವ ಕೆಲಸಕ್ಕೆ. ಗಂಡ ಬೇರೆ ಊರಿಗೆ ದುಡಿಯಲು ಹೋದವನು ವಾಪಸ್ ಬರುವ ದಾರಿ ಮರೆತಿದ್ದ. ಕಂಕುಳಲ್ಲಿ ಹೆಣ್ಣು ಕೂಸು. ದಿನವಿಡೀ ತಗಡು ಬಡಿದು ಸಂಜೆ ಹೊರಟರೆ ಗೇಟಿನಲ್ಲಿ ಆಗಿನ ಮೇಸ್ತ್ರಿ ಹೆಂಗಸರ ಮಡಿಲು ಬಿಚ್ಚಿಸಿ ನೋಡುತ್ತಿದ್ದ. ಒಮ್ಮೆ ಅಕ್ಕನ ಮಡಿಲಿನಿಂದ ಒಂದಷ್ಟು ಜೋಳ ಉದುರಿತಂತೆ. ದಿನವಿಡೀ ಜೋಳದ ಹೊಲದಲ್ಲಿ ಇದ್ದವರ ಮಡಿಲಲ್ಲಿ ಮುತ್ತು ಉದುರೀತೇ? ಮೇಸ್ತ್ರಿ ಅವರನ್ನು ಗೇಟಿನ ಪಕ್ಕ ನಿಲ್ಲಿಸಿ, ಹೋಗುವವರಿಗೆಲ್ಲ ‘ನೋಡಿ, ನಮ್ಮ ಹೊಸ ಹಕ್ಕಿ’ ಎಂದು ತೋರಿಸಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕಾಳಿಗೆ ಹೋದ ಮಾನವನ್ನು ಅಕ್ಕ ಮಾತ್ರ ಪಟ್ಟು ಹಿಡಿದು ವಾಪಸ್ ತಂದರು. ಮರುದಿನದಿಂದ ಯಾರೂ ಕೇಳುವ ಮೊದಲೇ ಗೇಟಿನಲ್ಲಿ ನಿಂತು ಮಡಿಲು ಕೊಡವುತ್ತಿದ್ದರು. ಇವತ್ತಿಗೂ ಕೊಡವುತ್ತಾರೆ. ಮೇಸ್ತ್ರಿಯ ಕುರ್ಚಿ ಕೊನೆಗೆ ಅವರಿಗೇ ಬಂತು. ಅವನು ನಿಜವಾಗಿ ಕಾಳು ಹಾಕಿ ಹುಡುಕಿಸುತ್ತಿದ್ದ. ಅಕ್ಕ ಹಾಕದೇ ಹುಡುಕಿಸತೊಡಗಿದರು.

“ಹಾಕಿ ಹುಡುಕಿಸಿದ್ರೆ ಕಣ್ಣು ಹೇಗಿದೆ ಅಂತ ಗೊತ್ತಾಗುತ್ತೆ,” ಎನ್ನುತ್ತಿದ್ದರು. “ಹಾಕದೆ ಹುಡುಕಿಸಿದ್ರೆ ಮನುಷ್ಯ ಹೇಗಿದಾನೆ ಅಂತ ಗೊತ್ತಾಗುತ್ತೆ.”

ಕಂಕುಳಲ್ಲಿದ್ದ ಕೂಸು ಬೆಳೆದು ಮದುವೆಯಾಯಿತು. ಅಳಿಯ ಗಡಿಯಾರ ರಿಪೇರಿ ಮಾಡುವವನು. ಈ ಕಾಲದಲ್ಲಿ ಗಡಿಯಾರ ಕೆಟ್ಟರೆ ಜನ ಮೊಬೈಲ್ ನೋಡಿಕೊಳ್ಳುತ್ತಾರೆ, ಅಂಗಡಿ ಮುಚ್ಚಿತು. ಆಮೇಲೆ ಅವನು ಹಿಡಿದ ಕೆಲಸಗಳೆಲ್ಲ ಅವನನ್ನು ಬಿಟ್ಟವು. ಗಂಡ ಹೆಂಡತಿ ಇಬ್ಬರೂ ಅವನ ಅಣ್ಣನ ಮನೆಯಲ್ಲಿ, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಹಾಸಿಗೆ ಬಿಡಿಸಿ, ಎಲ್ಲರೂ ಏಳುವ ಮೊದಲು ಸುತ್ತಿಡಬೇಕು. ಅವಳ ಅತ್ತೆ ಸಕ್ಕರೆ ಡಬ್ಬಿಗೂ ಬೀಗ ಹಾಕುವ ಹೆಂಗಸು. ಇದನ್ನೆಲ್ಲ ಅಕ್ಕ ಯಾರಿಗೂ ಹೇಳಿದವರಲ್ಲ. ದಿನಾ ಸಂಜೆ ಮಗಳ ಫೋನು ಬಂದಾಗ ಪಕ್ಕದಲ್ಲಿ ಚೀಲ ಹೊಲೆಯುತ್ತಿದ್ದ ನನಗೆ ತಾನಾಗಿ ಕೇಳಿಸಿದ್ದು.

ಈ ಸಲ ಕಣಕ್ಕೆ ಒಬ್ಬ ಸಹಾಯಕ ಬೇಕಿತ್ತು. ಉಗ್ರಾಣದ ಹಿಂದಿನ ಎರಡು ಕೋಣೆಯ ಮನೆ ಆ ಕೆಲಸದ ಜೊತೆಗೇ ಬರುತ್ತದೆ. ಅಕ್ಕ ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತು, “ಸರ್, ಇಷ್ಟು ವರ್ಷದಲ್ಲಿ ಏನೂ ಕೇಳಿಲ್ಲ. ಒಂದು ಕೇಳ್ತೀನಿ,” ಅಂದರು. ಸಾಹೇಬರು ಪೂರ್ತಿ ಕೇಳುವ ಮೊದಲೇ ಆಗಲಿ ಅಂದರು.

ಅಳಿಯ ಕೆಲಸಕ್ಕೆ ಸೇರುವ ಹಿಂದಿನ ದಿನ ನಾವು ಕೆಂಪು ಜೋಳ ಬಡಿಯುವುದನ್ನು ಮುಗಿಸಿದೆವು. ಮರುದಿನ ಬೆಳಿಗ್ಗೆ ಸಾಹೇಬರ ಮುದ್ದಿನ ಬಿಳಿ ಜೋಳ. ಕೆಂಪಿನಿಂದ ಬಿಳಿಗೆ ಹೋಗುವಾಗ ಯಂತ್ರವನ್ನು ಅಕ್ಕ ತಾವೇ ಶುಚಿ ಮಾಡುತ್ತಾರೆ, ಬೇರೆ ಯಾರ ಕೈಯನ್ನೂ ನಂಬುವುದಿಲ್ಲ. ನನ್ನ ಕೆಲಸ, ಬಿಚ್ಚಿದ ಬೋಲ್ಟುಗಳನ್ನು ಒಂದು ತಗಡಿನ ಮುಚ್ಚಳದಲ್ಲಿ ಹಿಡಿದು ನಿಲ್ಲುವುದು. ಪದವಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೇಲಿನ ಜರಡಿ ಮುಗಿಸಿ ಕೆಳಗಿನ ಜರಡಿಗೆ ಕೈ ಹಾಕುವಾಗ ಮಗಳ ಫೋನು ಬಂತು. ಅಕ್ಕ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, “ಕಿಟಕಿ ಒಂದೇ ಇರೋದು, ಪರದೆ ಒಂದೇ ಸಾಕು. ಹಳೇ ಒಲೆ ಬೇಡ ಕಣೇ, ನಂದೇ ಕೊಡ್ತೀನಿ… ಹೂಂ, ಒಳಗಿಂದ ಚಿಲಕ ಇದೆ, ನಾನೇ ನೋಡಿ ಬಂದೆ,” ಎನ್ನುತ್ತಾ ಕೆಲಸ ಮಾಡಿದರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಾತು ಮುಗಿಸಿ, “ಬೋಲ್ಟ್ ಕೊಡು” ಅಂದರು. ಕೊಟ್ಟೆ. ಬಿಗಿದರು.

ಮರುದಿನ ಬೆಳಿಗ್ಗೆ ಬೇಗ ಶುರುಮಾಡಿ ಬಿಳಿ ಜೋಳದ ತಾಕುಗಳನ್ನೆಲ್ಲ ಬಡಿದು, ಚೀಲ ತುಂಬಿ, ತೂಗಿ, ಬಾಯಿ ಹೊಲೆದು ಸಾಲಾಗಿ ನಿಲ್ಲಿಸಿದೆವು. ಆಮೇಲೆ ಯಂತ್ರ ನಿಲ್ಲಿಸಿ, ಬೆಲ್ಟ್ ಕಳಚಿ, ಸ್ವಾಗತಕ್ಕೆ ಅಣಿಯಾದೆವು. ಹೊಸಬರು ಇಬ್ಬರೇ. ಮೊದಲು ಬಂದವಳು ಕೃಷಿ ಓದಿದ ಹುಡುಗಿ, ಕೈಯಲ್ಲಿ ನೀರಿನ ಬಾಟಲಿ. ಸ್ವಲ್ಪ ಹೊತ್ತು ಹುಡುಕಿದಳು. “ಇದ್ರಲ್ಲಿ ಏನೂ ಇಲ್ಲ. ನಿಮಗೆ ಬೇಕಿದ್ರೆ ನೀವೇ ನೋಡ್ಕೊಳ್ಳಿ,” ಎಂದು ಹೊರಗೆ ಬಂದು ಬಾಟಲಿ ಎತ್ತಿ ಕುಡಿದಳು. ಅಕ್ಕ ಬೆನ್ನು ತಟ್ಟಿದರು.

ಅಳಿಯ ಬರುವ ಹೊತ್ತಿಗೆ ಕಚೇರಿ, ಉಗ್ರಾಣ, ಹೊಲ ಎಲ್ಲ ಕಡೆಯಿಂದ ಜನ ಸೇರಿದ್ದರು. ಅಳಿಯನಿಗೆ ಒಂದು ನ್ಯಾಯ, ಊರಿಗೆ ಒಂದು ನ್ಯಾಯ ಆಗುತ್ತದೆಯೋ ಎಂದು ನೋಡುವ ಆಸೆ. ಸಾಹೇಬರೂ ಚಹಾ ಲೋಟ ಹಿಡಿದು ಬಂದರು. ಅಳಿಯ ಹೊಸ ಅಂಗಿಯಲ್ಲಿ ಬಂದು ಕೈಕಟ್ಟಿ ನಿಂತ. ಸಣಕಲು ಆಳು, ತೋಳು ಮಾತ್ರ ಉದ್ದ.

“ಅತ್ತೆ, ನಾನೇನು ಮಾಡ್ಬೇಕು?”

“ಇಲ್ಲಿ ಅತ್ತೆ ಗಿತ್ತೆ ಯಾರೂ ಇಲ್ಲ. ಅಕ್ಕ ಅನ್ನು.”

ಮನೆಯಲ್ಲಿ ಅಳಿಯನಿಗೆ ನೀವು ತಾವು ಎನ್ನುತ್ತಿದ್ದವರು ಏಕವಚನಕ್ಕೆ ಇಳಿದಿದ್ದು ಅವನಿಗೆ ಗೊತ್ತಾಯಿತು. “ಆಯ್ತು ಅಕ್ಕ,” ಅಂದ.

“ಹಾಗಾದ್ರೆ ಅಕ್ಕನ ಮಗಳನ್ನೇ ಮದುವೆ ಆದ ಹಾಗಾಯ್ತು ಬಿಡಪ್ಪ,” ಎಂದ ಟ್ರ್ಯಾಕ್ಟರ್ ಮಾವ. ಎಲ್ಲರೂ ನಕ್ಕರು. ಅಳಿಯನೂ ನಕ್ಕ.

ಅಕ್ಕ ಕಾಳು ತೋರಿಸಿದರು, ಕೈ ತೂರಿಸಿದರು, ಬಂದು ಕೂತರು. ಅಳಿಯ ಅಂಗಿಯ ಯೋಚನೆ ಮಾಡದೆ ಹೊಟ್ಟಿನ ಮೇಲೆ ಅಂಗಾತ ಮಲಗಿ ಯಂತ್ರದ ಅಡಿಗೆ ಸರಿದ. ನಾವೆಲ್ಲ ಮೇಲಿನಿಂದ ಹುಡುಕಿದವರು. ಅವನು ಗಡಿಯಾರದ ಹಿಂಬದಿ ಬಿಚ್ಚುವವನ ಹಾಗೆ ಕೆಳಗಿನಿಂದ ಶುರುಮಾಡಿದ. ತೋಳು ಭುಜದವರೆಗೂ ಒಳಗೆ ಹೋಯಿತು. ಸುಂಕು ತಾಗಿ ಕತ್ತಿನ ಮೇಲೆ ಕೆಂಪು ದದ್ದು ಎದ್ದರೂ ತುರಿಸಿಕೊಳ್ಳಲಿಲ್ಲ. ನಗುವವರಿಗೆ ಇದರಿಂದ ಸ್ವಲ್ಪ ಬೇಸರವೇ ಆಯಿತು. ಅಕ್ಕ ಬೇರೆ ಕಡೆ ನೋಡುತ್ತ ಕೂತಿದ್ದರು. ಅವರ ತುಟಿ ಮಾತ್ರ ಸಣ್ಣಗೆ ಅಲ್ಲಾಡುತ್ತಿತ್ತು. ‘ಇಲ್ಲ ಅನ್ನು, ಇಲ್ಲ ಅನ್ನು’ ಎಂದು ಜಪಿಸುತ್ತಿದ್ದರೋ ಏನೋ.

ಅವನು ಹೊರಗೆ ಸರಿದು ಎದ್ದು ಕೂತ. ಹೆಬ್ಬೆರಳು ತೋರುಬೆರಳ ತುದಿಯಲ್ಲಿ, ಸಣ್ಣ ತಿರುಪು ಹಿಡಿದ ಹಾಗೆ, ಒಂದು ಕೆಂಪು ಕಾಳು.

“ಸಿಕ್ತು ಅಕ್ಕ.”

ಅಕ್ಕ ಎದ್ದು ಬಂದು ಆ ಕಾಳನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಒಂದು ಮಗ್ಗುಲು ಜರಡಿಗೆ ಉಜ್ಜಿ ಸವೆದಿತ್ತು. ಯಂತ್ರದ ಕಡೆ ನೋಡಿದರು. ಸಾಲಾಗಿ ನಿಂತ ಬಿಳಿ ಜೋಳದ ಚೀಲಗಳ ಕಡೆ ನೋಡಿದರು. ಅವರಿಗೆ ಗೊತ್ತಾಯಿತು. ಅವರಿಗೆ ಗೊತ್ತಾದದ್ದು ನನಗೂ ಗೊತ್ತಾಯಿತು. ಆದರೆ ಜನ ಕಾಯುತ್ತಿದ್ದರು. ಅಕ್ಕ ಇನ್ನೊಂದು ಕೈಯ ಮುಷ್ಟಿ ಬಿಚ್ಚಿದರು.

“ಹಾಗಾದ್ರೆ ಇದೇನು?”

ಕಣವೇ ಹಾರಿಹೋಗುವ ಹಾಗೆ ನಕ್ಕರು.

“ನಾನು ಒಳಗೆ ಹಾಕ್ಲೇ ಇಲ್ಲ,” ಅಂದರು ಅಕ್ಕ.

“ಹಾಕದಿದ್ರೂ ಇತ್ತಲ್ಲ ಅಕ್ಕ,” ಎಂದ ಅಳಿಯ. ಅವನಿಗೆ ನಗು ಯಾಕೆಂದು ತಿಳಿಯಲಿಲ್ಲ. “ಕೆಳಗಿನ ಜರಡಿ ಅಡೀಲಿ, ಮೂಲೇಲಿ. ಇನ್ನೂ ಬೇಕಾದಷ್ಟಿವೆ. ನೀವು ಒಂದೇ ಕೇಳಿದ್ರಿ ಅಂತ ಒಂದೇ ತಂದೆ.”

“ಒಂದು ತಂದೋರನ್ನ ನೋಡಿದೀವಿ,” ಎಂದ ಟ್ರ್ಯಾಕ್ಟರ್ ಮಾವ ಕಣ್ಣೊರೆಸಿಕೊಳ್ಳುತ್ತಾ, “ಗೋಡೌನೇ ಇದೆ ಅಂದೋನನ್ನ ಇವತ್ತೇ ನೋಡಿದ್ದು. ಅಕ್ಕ, ಮನೇಲಿ ಪಾಠ ಮಾಡಿ ಕಳಿಸಿದ್ರಾ ಹೇಗೆ? ಪಾಠ ಅರ್ಧಕ್ಕೇ ನಿಂತ ಹಾಗಿದೆ.”

ಅದು ತಮಾಷೆಯ ಮಾತೇ. ಆದರೆ ನಗುವವರಲ್ಲಿ ಕೆಲವರು ನಗು ನಿಲ್ಲಿಸಿ ಅಕ್ಕನ ಮುಖ ನೋಡಿದರು. ಅಂದು ಮೇಸ್ತ್ರಿ ಗೇಟಿನ ಪಕ್ಕದಲ್ಲಿ ನಿಲ್ಲಿಸಿದಾಗ ಜನ ನೋಡಿದ್ದು ಬಹುಶಃ ಹಾಗೆಯೇ ಇರಬೇಕು.

ನನ್ನಂಥವನಿಗೂ ಒಮ್ಮೊಮ್ಮೆ ಶೌರ್ಯ ಬರುತ್ತದೆ. ಹೊಟ್ಟಿನ ಮೇಲೆ ಬಿದ್ದು ಯಂತ್ರದ ಅಡಿಗೆ ತೂರಿದೆ. ನನ್ನ ತೋಳು ದಪ್ಪ, ಮೊಣಕೈಗೆ ನಿಂತುಬಿಟ್ಟಿತು. ಬೆರಳ ತುದಿಗೆ ಹತ್ತಿದ್ದನ್ನು ಕೆರೆದು ಹೊರಗೆ ತಂದೆ. ಧೂಳಿನ ಜೊತೆ ಎರಡು ಕೆಂಪು ಕಾಳು. “ಸರ್, ಅವರು ಹೇಳೋದು ನಿಜ. ಒಳಗಿದೆ. ಇಲ್ನೋಡಿ,” ಎಂದು ಸಾಹೇಬರ ಮುಂದೆ ಹಿಡಿದೆ.

“ಅಂತೂ ನೋಡ್ತಿದೀನಿಗೆ ಸಿಕ್ತಪ್ಪ,” ಎಂದಿತು ಒಂದು ದನಿ ಹಿಂದಿನಿಂದ.

ಮುಗಿಯಿತು. ಹೊಟ್ಟೆ ಹಿಡಿದುಕೊಂಡು ಕೂತವರು ಕೆಲವರು. ಬಾಟಲಿ ಹುಡುಗಿಗೆ ನೀರು ನೆತ್ತಿಗೆ ಹತ್ತಿತು. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಇಷ್ಟು ವರ್ಷದ ತಮ್ಮ ಪ್ರಯೋಗ ಹಾಳಾದ ಸುದ್ದಿ ಕೇಳಿ ಮನುಷ್ಯ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವರದೂ ತಪ್ಪಲ್ಲ. ಆ ಕಣದಲ್ಲಿ ‘ಸಿಕ್ತು’ ಅಂದವನು ಕಳ್ಳ ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು.

“ಸಾಕು,” ಅಂದರು ಅಕ್ಕ. ನಗು ನಿಂತಿತು. ಅಳಿಯನ ಕಡೆ ತಿರುಗಿ, “ನಡಿ ಆಚೆ. ನಿನಗೆ ಇಲ್ಲಿ ಕೆಲಸ ಇಲ್ಲ,” ಎಂದರು.

ಇದು ಯಾರೂ ನಿರೀಕ್ಷಿಸದ ಮಾತು. ಸುಳ್ಳು ಕಾಳು ತಂದವರಿಗೆ ಅಡ್ಡಹೆಸರು ಬೀಳುತ್ತಿತ್ತೇ ಹೊರತು ಕೆಲಸ ಹೋಗುತ್ತಿರಲಿಲ್ಲ. ಟ್ರ್ಯಾಕ್ಟರ್ ಮಾವನೇ, “ಬಿಡಿ ಅಕ್ಕ, ಮೊದಲ್ನೇ ದಿನ, ಹುಡುಗ ಹೆದರಿದಾನೆ,” ಎಂದ. ಸಾಹೇಬರು ಲೋಟ ಕೆಳಗಿಟ್ಟು, “ಅದೆಲ್ಲ ಆಟ ಅಲ್ವೇನ್ರೀ. ಸಂಜೆ ಬೀಗದ ಕೈ ಕೊಟ್ಟುಬಿಡೋಣ,” ಎಂದರು.

“ಕೊಡಿ ಸರ್. ಕೊಟ್ರೆ ನಾಳೆಯಿಂದ ನಾನು ತೂಕಕ್ಕೆ ಕೂರಲ್ಲ. ನಾಳೆ ಯಾರೋ ಬಂದು, ಅಳಿಯ ಅಂತ ಬಿಟ್ಕೊಂಡ್ಳು ಅಂದ್ರೆ ನಾನು ಕೇಳಿಸ್ಕೊಂಡಿರೋಕಾಗಲ್ಲ.”

ಹೊಲದಲ್ಲಿ ಇನ್ನೂ ಅರ್ಧ ಪೈರು ನಿಂತಿತ್ತು. ಅಕ್ಕನಿಲ್ಲದೆ ಕೊಯ್ಲು ಸಾಗದು. ಸಾಹೇಬರು ಅಳಿಯನ ಮುಖ ನೋಡಿದರು, ಹೊಲದ ಕಡೆ ನೋಡಿದರು. “ನಿಮ್ಮಂಥೋರು ಇರೋದ್ರಿಂದಲೇ ಈ ಕೇಂದ್ರ ನಡೀತಿದೆ,” ಎಂದು ಲೋಟ ಎತ್ತಿಕೊಂಡು ಹೋದರು. ಜನ ಮೆಚ್ಚಿ ತಲೆದೂಗಿದರು. ಸ್ವಂತ ಅಳಿಯನನ್ನೇ ಬಿಡಲಿಲ್ಲ ನೋಡಿ, ಎಂದುಕೊಳ್ಳುತ್ತ ಊಟಕ್ಕೆ ಚದುರಿದರು.

ಅಕ್ಕ ನನ್ನನ್ನು ನಿಲ್ಲಿಸಿಕೊಂಡರು. “ಬೋಲ್ಟ್ ಬಿಚ್ಚು.”

ಕೆಳಗಿನ ಜರಡಿ ಎತ್ತಿದಾಗ ಒಂದು ಬೊಗಸೆ ಕೆಂಪು ಜೋಳ ನೆಲಕ್ಕೆ ಸುರಿಯಿತು. ಅಕ್ಕ ಅದನ್ನು ನೋಡುತ್ತ ಕುಕ್ಕರುಗಾಲಲ್ಲಿ ಕೂತರು.

“ಬೆಳಗಿನ ಚೀಲ ಎಲ್ಲ ಹೊಲೆದಾಯ್ತಾ?”

“ಆಯ್ತು ಅಕ್ಕ. ಈಗ್ಲೂ ಹೇಳ್ಬಹುದು. ಸಾಹೇಬ್ರು ನಿಮಗೇನೂ ಅನ್ನಲ್ಲ.”

“ಅನ್ನಲ್ಲ ಕಣೋ. ‘ಹೋಗ್ಲಿ ಬಿಡಿ ಅಕ್ಕ, ವಯಸ್ಸಾಯ್ತು’ ಅಂತಾರೆ. ಅಂದು, ಮಾರನೇ ದಿನದಿಂದ ನಾನು ಕೂಗಿದ ತೂಕಾನ ಇನ್ನೊಂದ್ಸಲ ಕೇಳ್ತಾರೆ.”

“ಮತ್ತೆ ನಿಮ್ಮ ಮಗಳು?”

“ಅವಳಿಗೇನು ತಲೆ ಮೇಲೆ ಸೂರಿಲ್ವಾ?” ನೆಲದ ಕಾಳನ್ನು ಅಂಗೈಯಿಂದ ಬಳಿದು ಒಂದು ಹಳೆಯ ಚೀಲಕ್ಕೆ ಹಾಕಿದರು. “ಇದನ್ನ ತಿಪ್ಪೆಗೆ ಸುರಿದು ಬಾ. ನೀನು ಬಾಯಿ ಬಿಟ್ರೂ ಅಷ್ಟೆ, ಮುಚ್ಚಿದ್ರೂ ಅಷ್ಟೆ. ಯಾರು ಕೇಳ್ತಾರೆ ನಿನ್ನ ಮಾತು?” ಬೆದರಿಕೆಯ ದನಿಯಲ್ಲ. ತೂಕ ಕೂಗುವ ದನಿ. ತೂಕ ಸರಿಯಾಗಿಯೂ ಇತ್ತು. ಚೀಲ ಹಿಡಿದು ನೇರ ಸಾಹೇಬರ ಕೋಣೆಗೇ ಹೋಗಿ, “ಸರ್, ಆ ಕಾಳಿನ ವಿಷಯ…” ಎಂದೆ. ಊಟದ ಡಬ್ಬಿಯಿಂದ ತಲೆಯೆತ್ತಿದ ಸಾಹೇಬರು, “ಇನ್ನೂ ನೋಡ್ತಿದೀಯೇನೋ?” ಎಂದು ನಕ್ಕರು. ತುತ್ತು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ನಾನು ನೀರು ಕೊಟ್ಟು ಬಂದೆ.

ಮಧ್ಯಾಹ್ನ ಸಂಜೆಯ ಸ್ವಾಗತಕ್ಕೆ ಕುರ್ಚಿ ಹೊತ್ತು ತರುತ್ತಿದ್ದಾಗ ಉಗ್ರಾಣದ ಹಿಂದೆ ಒಂದು ಸಾಮಾನು ಆಟೋ ಬಂದು ನಿಂತಿತು. ಬೀಗ ಹಾಕಿದ್ದ ಆ ಮನೆಯ ಮೆಟ್ಟಿಲ ಮೇಲೆ ಅಳಿಯ ಕೂತಿದ್ದ. ಈಗ ತೋಳು ತುರಿಸಿಕೊಳ್ಳುತ್ತಿದ್ದ. ಆಟೋದ ಮುಂದಿನಿಂದ ಅಕ್ಕನ ಮಗಳು ಧುಮುಕಿದಳು. ಕೈಯಲ್ಲಿ ಹೊಸ ಪೊರಕೆ.

“ಅಣ್ಣ, ಸ್ವಲ್ಪ ಕೈ ಕೊಡಿ,” ಎಂದಳು ನನಗೆ. ಹಾಸಿಗೆ ಸುರುಳಿ, ಬಕೆಟ್ಟು, ಪಾತ್ರೆಯ ಮೂಟೆ ಇಳಿಸಿದೆ. ಹೇಳಬೇಕಾದ ಮಾತನ್ನು ಹೇಳದೆ ಭಾರ ಹೊರುವುದರಲ್ಲಿ ನಾನು ನಿಸ್ಸೀಮ. ಅಷ್ಟರಲ್ಲಿ ಅಕ್ಕ ಬಂದರು.

“ಇಳಿಸ್ಬೇಡ. ವಾಪಸ್ ಏರಿಸು.”

“ಯಾಕಮ್ಮ? ಬೀಗದ ಕೈ ಸಂಜೆ ಕೊಡ್ತಾರಾ?”

“ಬೀಗದ ಕೈ ಇಲ್ಲ. ಕೆಲಸಾನೂ ಇಲ್ಲ. ಮನೆಗೆ ಹೋಗಿ.”

ಅವಳು ಗಂಡನ ಕಡೆ ತಿರುಗಿದಳು. “ಏನಾಯ್ತು?”

“ನಿಮ್ಮಮ್ಮನ್ನ ಕೇಳು,” ಎಂದ ಅವನು.

“ಮೆಷಿನ್ ಒಳಗೆ ಕಾಳು ಹುಡುಕು ಅಂದೆ,” ಎಂದರು ಅಕ್ಕ. “ಒಳಗೆ ಕಾಳಿರ್ಲಿಲ್ಲ. ಎಲ್ಲಿಂದಲೋ ತಂದು ಸಿಕ್ತು ಅಂದ. ಎಲ್ಲರ ಮುಂದೆ.”

“ಇತ್ತು,” ಎಂದ ಅಳಿಯ. ಅಷ್ಟೇ ಎಂದ. ಎಂದು ಅತ್ತೆಯ ಮುಖವನ್ನೇ ನೋಡುತ್ತ ಕಾದ. ಅವನಿಗೂ ಅಷ್ಟು ಹೊತ್ತಿಗೆ ಎಲ್ಲ ಅರ್ಥವಾಗಿರಬೇಕು. ಅಕ್ಕ ಆಟೋದ ಚಕ್ರ ನೋಡುತ್ತಿದ್ದರು.

“ಸುಮ್ನಿರ್ರಿ,” ಎಂದಳು ಮಗಳು. “ನಮ್ಮಮ್ಮ ಸುಳ್ಳು ಹೇಳಿದ್ದನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಅಂಗಡಿ ಹೋಯ್ತು, ಹಣೆಬರಹ ಅಂದೆ. ಆಮೇಲೆ ಎಲ್ಲೂ ನಿಲ್ಲಲಿಲ್ಲ, ಹೋಗ್ಲಿ ಪಾಪ ಅಂದೆ. ಇವತ್ತೊಂದು ದಿನ ಇಲ್ಲದ್ದನ್ನ ಇಲ್ಲ ಅನ್ನೋಕೆ ನಿಮಗೇನಾಗಿತ್ತು? ಹೊರಡುವಾಗ ನಿಮ್ಮಮ್ಮನಿಗೆ ಏನಂದು ಬಂದಿದೀನಿ ಗೊತ್ತಾ? ನಿಮ್ಮ ಸಕ್ಕರೆ ನೀವೇ ನೆಕ್ಕೊಂಡು ಕೂತ್ಕೊಳ್ಳಿ ಅಂದು ಬಂದಿದೀನಿ. ಈಗ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕು.”

ಆಟೋದವನು ನಗು ತಡೆಯಲು ಇನ್ನೊಂದು ಕಡೆ ತಿರುಗಿದ. ಅಳಿಯ ಏನೂ ಹೇಳಲಿಲ್ಲ. ಹೇಳಿದರೆ ಅವಳು ಗಂಡನ ಮಾತು ನಂಬಬೇಕು, ಹೇಳದಿದ್ದರೆ ಅಮ್ಮನ ಮಾತು. ಅವಳಿಗೆ ಅಮ್ಮನ ಮಾತೇ ಉಳಿಯಲಿ ಎಂದುಕೊಂಡನೋ, ಅಥವಾ ಸುಮ್ಮನೆ ಸೋತನೋ, ನನಗೆ ತಿಳಿಯದು. ಎದ್ದು ಬಂದು ಹಾಸಿಗೆ ಸುರುಳಿಯ ಒಂದು ತುದಿ ಹಿಡಿದ. ಇನ್ನೊಂದು ತುದಿ ನಾನು ಹಿಡಿದೆ. “ಅವರು ಹೇಳಿದ್ದು…” ಎಂದು ನಾನು ಶುರುಮಾಡಿದೆ. “ಬಿಡಿ ಅಣ್ಣ, ನೀವು ಅವರ ಪರ ವಹಿಸ್ಬೇಡಿ,” ಎಂದಳು ಅವಳು. ಬಕೆಟ್ಟು, ಪಾತ್ರೆ ಮೂಟೆ ಎಲ್ಲ ಏರಿತು. ಅಳಿಯನೂ ಹಿಂದೆ ಅವುಗಳ ನಡುವೆ ಹತ್ತಿ ಕೂತ.

ಮಗಳು ಮುಖ ಒರೆಸಿಕೊಂಡು ಅಮ್ಮನ ಹತ್ತಿರ ಬಂದಳು. ದನಿ ತಗ್ಗಿಸಿ, “ಬೇಜಾರು ಮಾಡ್ಕೋಬೇಡಮ್ಮ. ನೀನು ಯಾರ ಹತ್ರಾನೂ ಕೈ ಚಾಚದೋಳು, ನನಗೋಸ್ಕರ ಹೋಗಿ ಕೇಳ್ದೆ. ನಾಲ್ಕು ಜನರ ಮುಂದೆ ನಿನ್ನ ಮರ್ಯಾದೆ ಕಳೆದುಬಿಟ್ರು. ಅವರ ಪರವಾಗಿ ನಾನು ತಪ್ಪಾಯ್ತು ಅಂತೀನಿ,” ಎಂದಳು.

ಅಕ್ಕ ಮಗಳ ತಲೆಯ ಮೇಲಿದ್ದ ಹೊಟ್ಟಿನ ಎಳೆಯೊಂದನ್ನು ತೆಗೆದು ಎಸೆದರು.

“ಹೋಗ್ಲಿ ಬಿಡು,” ಎಂದರು. “ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ.”

ಮಗಳ ಮುಖ ಸ್ವಲ್ಪ ಹಗುರವಾಯಿತು. ಅಮ್ಮ ಕ್ಷಮಿಸಿದಳಲ್ಲ ಎಂಬ ಸಮಾಧಾನದಲ್ಲಿ ಆಟೋ ಹತ್ತಿ, ಹಿಂದೆ ಪಾತ್ರೆಗಳ ನಡುವೆ ಕೂತ ಗಂಡನ ಕಡೆ ಕತ್ತು ತಿರುಗಿಸಿಯೂ ನೋಡದೆ, “ನಡೀರಿ,” ಎಂದಳು.